ವಿಂಚ್‌ಕಂಬ್‌ನಲ್ಲಿ ಬಿದ್ದ ಆ ಉಲ್ಕೆ

2021ರ ಫೆಬ್ರವರಿ 28, ಭಾನುವಾರ. ಇಂಗ್ಲೆಂಡ್‌ನಲ್ಲಿ ಆಗ ಮೂರನೇ ಲಾಕ್‌ಡೌನ್. ಬೆಳಿಗ್ಗೆ ಕಸದ ಗಾಡಿ ಬರುತ್ತೆ ಅಂತ ರಾತ್ರಿ 9.54ರ ಹೊತ್ತಿಗೆ ಬಿನ್ ಎಳೆದುಕೊಂಡು ಹೊರಗೆ ಬಂದಿದ್ದೆ. ಬ್ರಿಸ್ಟಲ್‌ನಲ್ಲಿ ಮೋಡವಿಲ್ಲದ ರಾತ್ರಿ ಸಿಗುವುದೇ ಅಪರೂಪ.

ಮನೆಗಳ ಸಾಲಿನ ಮೇಲೆ ಒಂದು ಬೆಳಕು ಹೊರಟಿತು. ವಿಮಾನ ಅಂದುಕೊಳ್ಳುವಷ್ಟರಲ್ಲಿ ದಪ್ಪ ಆಯ್ತು. ಹಸಿರು ಬೆರೆತ ಬಿಳಿ. ಒಮ್ಮೆ ಭಗ್ಗನೆ ಉರಿದು, ಕಿತ್ತಳೆ ಬಣ್ಣದ ಚೂರುಗಳಾಗಿ ಒಡೆದು ಆರಿಹೋಯಿತು. ಊರಲ್ಲಿ ನಕ್ಷತ್ರ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ, ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತೆ. ಇದು ಮಾತ್ರ ಹೆಂಡತಿಯನ್ನು "ಬಾರೇ ಇಲ್ಲಿ" ಅಂತ ಕೂಗುವಷ್ಟು ಹೊತ್ತು ಇತ್ತು. ಅವಳು ಬರುವಷ್ಟು ಹೊತ್ತು ಇರಲಿಲ್ಲ.

ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನದ್ದೇ, ಸೆಕೆಂಡಿಗೆ ಸುಮಾರು 14 ಕಿಲೋಮೀಟರ್. ಅದಕ್ಕೇ ಪೂರ್ತಿ ಸುಟ್ಟುಹೋಗದೆ ನೆಲಕ್ಕೆ ಬಂತು.

ಬಿದ್ದದ್ದು ಗ್ಲಾಸ್ಟರ್‌ಶೈರ್‌ನ ವಿಂಚ್‌ಕಂಬ್ ಎಂಬ ಪುಟ್ಟ ಊರಲ್ಲಿ, ಒಂದು ಮನೆಯ ಡ್ರೈವ್‌ವೇ ಮೇಲೆ. ಬೆಳಿಗ್ಗೆ ನೋಡಿದರೆ ಯಾರೋ ಇದ್ದಿಲು ಎಸೆದು ಹೋದ ಹಾಗಿತ್ತಂತೆ. ಗುಡಿಸಿ ಕಸಕ್ಕೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಆ ಮನೆಯವರು ಅದನ್ನು ಬಳಿದು ಚೀಲಕ್ಕೆ ತುಂಬಿ ಎತ್ತಿಟ್ಟರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಈ ಜಾತಿಯ ಕಲ್ಲು ಮಳೆಗೆ ಸಿಕ್ಕಿದರೆ ಕೆಡುತ್ತದೆ, ಇಲ್ಲಿನ ಮಳೆಯೋ ಕೇಳಿ ಬರುವುದಿಲ್ಲ. ಉಲ್ಕೆಗಳಿಗೆಂದೇ ಇಟ್ಟ ಕ್ಯಾಮೆರಾಗಳ ಚಿತ್ರದಿಂದ ದಾರಿ ಲೆಕ್ಕ ಹಾಕಿ, ಸುತ್ತಲಿನ ಹೊಲಗಳಲ್ಲೂ ಹುಡುಕಿದರು. ಒಟ್ಟು ಅರ್ಧ ಕಿಲೋಗಿಂತ ಜಾಸ್ತಿ ಸಿಕ್ಕಿತು. ಬ್ರಿಟನ್‌ನಲ್ಲಿ ಹೀಗೆ ಬಿದ್ದ ಕಲ್ಲು ಕೈಗೆ ಸಿಕ್ಕಿದ್ದು 1991ರ ನಂತರ ಅದೇ ಮೊದಲು. ಅದರ ತೂಕದಲ್ಲಿ ಶೇಕಡಾ 11ರಷ್ಟು ನೀರು! ಹನಿಯಾಗಿ ಅಲ್ಲ, ಖನಿಜದೊಳಗೆ ಸೇರಿಕೊಂಡು. ಆ ನೀರು ನಮ್ಮ ಭೂಮಿಯ ನೀರನ್ನೇ ಹೋಲುತ್ತದೆ ಎಂದು ವಿಜ್ಞಾನಿಗಳು 2022ರಲ್ಲಿ ಬರೆದರು. ಲಂಡನ್‌ಗೆ ಬಂದರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ, ಆ ಕಲ್ಲನ್ನು ಅಲ್ಲೇ ಇಟ್ಟುಕೊಂಡಿದ್ದಾರೆ.

ಆ ರಾತ್ರಿ ನಾನು ಆ ಬೆಳಕನ್ನು ನೋಡಿದಾಗ ನಮ್ಮೂರಲ್ಲಿ ಬೆಳಗಿನ ಜಾವ 3.24. ಅಮ್ಮ ಏಳುವವರೆಗೆ ಕಾದು ಫೋನ್ ಮಾಡಿದೆ.

"ಅಂಥದ್ದನ್ನ ನೋಡಿದ್ರೆ ಯಾರಿಗೂ ಹೇಳ್ಬಾರ್ದು ಕಣೋ, ಒಳ್ಳೇದಲ್ಲ."

"ನಾನು ಹೇಳ್ದಿದ್ರೇನಮ್ಮ, ಟಿವಿಲೇ ಬರ್ತಿದೆ. ನಮ್ಮ ಮದ್ದೂರಲ್ಲೂ 1865ರಲ್ಲಿ ಇಂಥ ಕಲ್ಲು ಬಿದ್ದಿತ್ತಂತೆ."

"ಯಾವ ಮದ್ದೂರು? ವಡೆ ಮದ್ದೂರೇ?"