ಯಾರೂ ಕಟ್ಟದ ಆಗರ

ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಜೀವಮಾನವಿಡೀ ದುಡಿದ ಅಪ್ಪನ ಹಿಮ್ಮಡಿ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಬತ್ತಿದ ಕೆರೆಯ ಅಂಗಳದಂತೆ ಬಿರುಕು ಬಿಟ್ಟಿರುತ್ತಿತ್ತು. ರಾತ್ರಿ ಅಮ್ಮ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಅವನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ. ಅಂಥವನ ಮಗ ನಾನು. ಹೀಗಾಗಿ ಆಫ್ರಿಕಾದ ಜಿಬೂಟಿಯ ಅಸಲ್ ಸರೋವರದ ದಡದಲ್ಲಿ ಚಾಲಕ "ಬೂಟು ಬಿಚ್ಚಬೇಡಿ" ಎಂದು ಮೂರು ಸಲ ಹೇಳಿದಾಗ ನನಗೆ ನಗು ಬಂತು. ಉಪ್ಪಿನ ಮೇಲೆ ನಡೆಯುವುದನ್ನು ಯಾರು ಯಾರಿಗೆ ಹೇಳಿಕೊಡುವುದು!

ಹತ್ತನೆಯ ಹೆಜ್ಜೆಗೆ ಎಡ ಅಂಗಾಲು ಕೊಯ್ದುಕೊಂಡಿತು. ತೊಳೆದುಕೊಳ್ಳೋಣವೆಂದು ಅದೇ ಬುದ್ಧಿವಂತಿಕೆಯಲ್ಲಿ ಕಾಲನ್ನು ಸರೋವರದಲ್ಲಿ ಅದ್ದಿದೆ. ಸಮುದ್ರದ ನೀರಿಗಿಂತ ಸುಮಾರು ಹತ್ತು ಪಟ್ಟು ಉಪ್ಪಾದ ನೀರು ಅದು. ಆಗ ನಾನು ಹಾಕಿದ ಬೊಬ್ಬೆಗೆ, ದಡದಲ್ಲಿ ಸಾಮಾನು ಹರವಿಕೊಂಡು ಕೂತಿದ್ದ, ಅಲ್ಲಿನ ಅಫಾರ್ ಜನಾಂಗದ ಮುದುಕರೊಬ್ಬರು ತಲೆಯೆತ್ತಿ ನೋಡಿದರು. ನಮ್ಮ ಪರಿಚಯವಾದದ್ದು ಹಾಗೆ.

ಜಿಬೂಟಿಗೆ ಹೋಗಬೇಕೆಂದು ನಾನೇನೂ ವರ್ಷಗಟ್ಟಲೆ ಕನಸು ಕಂಡವನಲ್ಲ. 2015ರಲ್ಲಿ ಯೆಮನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ನೌಕಾಪಡೆಯ ಹಡಗುಗಳು ಅಡೆನ್‌ನಿಂದ ಭಾರತೀಯರನ್ನು ಹತ್ತಿಸಿಕೊಂಡು ಈ ಬಂದರಿಗೆ ತಂದಿಳಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆ, ಹೆಸರು ಅಷ್ಟಕ್ಕೇ ಗೊತ್ತು. ಕಳೆದ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲಿ ಪಾಠ ಹೇಳುವ ತಂಗಿಯ ಮನೆಗೆ ಹೋಗಿದ್ದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಕೆಂಪು ಸಮುದ್ರದ ಬಾಗಿಲಿಗೆ ಸಿಕ್ಕಿಸಿದ ಚಿಲಕದಂತಿದ್ದ ಪುಟ್ಟ ದೇಶ ಕಣ್ಣಿಗೆ ಬಿತ್ತು. ಅದರೊಳಗೆ ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗೆ ಉಪ್ಪಿನ ಸರೋವರವೊಂದಿದೆ, ಆಫ್ರಿಕಾದ ಅತ್ಯಂತ ತಗ್ಗಿನ ಜಾಗ ಅದೇ ಎಂದು ಓದಿದ ಮೇಲೆ ಮನಸ್ಸು ನಿಲ್ಲಲಿಲ್ಲ. "ಅಲ್ಲಿ ಬಿಸಿಲು ಬಿಟ್ಟರೆ ಏನಿದೆ ಎಂದು ಹೋಗುತ್ತೀಯಾ ಅಣ್ಣಾ?" ಎಂದಳು ತಂಗಿ. ಉಪ್ಪಿದೆಯಂತೆ ಎಂದೆ. "ಊರಲ್ಲಿ ಕಂಡದ್ದು ಸಾಲದೇ?" ಎಂದು ಒಳಗೆ ಹೋದಳು.

ದೇಶ ಎಂದರೆ ಕರ್ನಾಟಕದ ಎಂಟನೇ ಒಂದು ಪಾಲಿನಷ್ಟು. ಜನ ಹತ್ತು ಲಕ್ಷದ ಆಸುಪಾಸು, ಅವರಲ್ಲಿ ಹೆಚ್ಚಿನವರು ರಾಜಧಾನಿಯಲ್ಲೇ ಇದ್ದಾರೆ. 1977ರ ಜೂನ್ 27ರಂದು ಫ್ರೆಂಚರಿಂದ ಸ್ವತಂತ್ರವಾಯಿತು. ಫ್ರೆಂಚರು ಹೋದರೂ ಅವರ ಸೈನ್ಯ ಪೂರ್ತಿ ಹೋಗಲಿಲ್ಲ. ಆಮೇಲೆ ಅಮೆರಿಕದವರು ಬಂದರು, ಜಪಾನಿನವರು ಬಂದರು, ಇಟಲಿಯವರು ಬಂದರು, 2017ರಲ್ಲಿ ಚೀನಾದವರೂ ಬಂದು ಠಾಣೆ ಹಾಕಿದರು. ಬಾಬ್ ಎಲ್ ಮಂದೆಬ್ ಜಲಸಂಧಿಯ ಪಕ್ಕದಲ್ಲಿ ಮನೆ ಇರುವವನಿಗೆ ಬಾಡಿಗೆದಾರರಿಗೆ ಬರಗಾಲವಿಲ್ಲ. ಪೇಟೆಯಲ್ಲಿ ಇದೆಲ್ಲ ಕಾಣುವುದು ಒಂದೇ ರೂಪದಲ್ಲಿ: ಬೆಲೆ. ನಾನು ಉಳಿದ ಸಾಧಾರಣ ಕೋಣೆಯ ಬಾಡಿಗೆಗೆ ಗೋಕರ್ಣದಲ್ಲಿ ಒಂದು ವಾರ ರಾಜನ ಹಾಗೆ ಇರಬಹುದಿತ್ತು.

ಹಣದ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಇಲ್ಲಿನ ಫ್ರಾಂಕ್ 1949ರಿಂದ ಡಾಲರಿಗೆ ಕಟ್ಟಿಕೊಂಡಿದೆ, ಡಾಲರಿಗೆ ಸುಮಾರು 177 ಫ್ರಾಂಕ್, ಅಲುಗಾಡುವುದಿಲ್ಲ. ಆದ್ದರಿಂದ ಡಾಲರ್ ನೋಟಿದ್ದರೆ ಸಾಕು ಎಂದುಕೊಂಡಿದ್ದೆ. ವಿನಿಮಯದ ಅಂಗಡಿಯ ಹೆಂಗಸು ನನ್ನ ನೂರು ಡಾಲರಿನ ಎರಡು ನೋಟುಗಳನ್ನು ಬೆಳಕಿಗೆ ಹಿಡಿದು, ಅಚ್ಚಾದ ವರ್ಷ ಓದಿ, ಹಳೆಯದು ಎಂದು ವಾಪಸು ತಳ್ಳಿದಳು. ಪಕ್ಕದ ಅಂಗಡಿಯಲ್ಲಿ ತೆಗೆದುಕೊಂಡರು, ಆದರೆ ಮುರಿದುಕೊಂಡದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವವರು ಹೊಸ, ಮಡಿಕೆ ಬೀಳದ ನೋಟುಗಳನ್ನೇ ಒಯ್ಯಿರಿ.

ಪೇಟೆಯಲ್ಲಿ ಕಳೆದ ಎರಡು ದಿನಗಳಲ್ಲಿ ಹೇಳುವಂಥದ್ದು ಮೀನು ಮಾತ್ರ. ಯೆಮನ್ ರೀತಿಯ ಮೀನು ಎನ್ನುತ್ತಾರೆ. ಇಡೀ ಮೀನನ್ನು ಬೆನ್ನಿನಿಂದ ಸೀಳಿ, ಪುಸ್ತಕದಂತೆ ತೆರೆದು, ಕೆಂಪು ಮಸಾಲೆ ಸವರಿ, ನೆಲದಲ್ಲಿ ಹೂತ ಮಣ್ಣಿನ ಒಲೆಯ ಗೋಡೆಗೆ ಒರಗಿಸಿ ಸುಡುತ್ತಾರೆ. ಕಪ್ಪಗೆ ಸುಟ್ಟ ಹೊರಮೈ, ಒಳಗೆ ಹತ್ತಿಯಂತೆ ಬಿಳಿ. ಜೊತೆಗೆ ಟವೆಲಿನಷ್ಟು ಅಗಲದ ರೊಟ್ಟಿಯನ್ನು ಹಳೆಯ ಪತ್ರಿಕೆಯ ಮೇಲೆ ಹಾಕಿ ಕೊಡುತ್ತಾರೆ. ಬಂಗುಡೆ ತಿಂದು ಬೆಳೆದ ನಾಲಿಗೆ ನನ್ನದು, ಸುಲಭಕ್ಕೆ ಯಾರ ಮೀನನ್ನೂ ಹೊಗಳುವುದಿಲ್ಲ, ಇದಕ್ಕೆ ಮಾತ್ರ ಸೋತೆ. ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಅದು ದವಡೆಗೆ ಕೊಟ್ಟ ವ್ಯಾಯಾಮ ಎನಿಸಿತು. ಮೀನಿನ ಮೇಲೆ ಇನ್ನೊಂದು ಚಿಟಿಕೆ ಉಪ್ಪು ಬೇಕೆಂದು ಕೇಳಿದೆ. ಹುಡುಗ ಪುಟ್ಟ ಕಾಗದದ ಪೊಟ್ಟಣ ತಂದುಕೊಟ್ಟ. ಮೇಲೆ ಫ್ರಾನ್ಸ್ ಎಂದು ಅಚ್ಚಾಗಿತ್ತು. ಆಗ ಸುಮ್ಮನೆ ಹರಿದು ಉದುರಿಸಿಕೊಂಡೆ. ಮರುದಿನ ಸರೋವರ ನೋಡಿದ ಮೇಲೆ ಆ ಪೊಟ್ಟಣ ನೆನಪಾಗಿ ಸಿಟ್ಟು ಬಂತು.

ಬೆಳಿಗ್ಗೆ ಆರಕ್ಕೆ ಹೊರಟೆವು. ಚಾಲಕ ಸೋಮಾಲಿ, ನಲವತ್ತರ ವಯಸ್ಸು. ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು, ಮೇಲಾಗಿ ಚಿಕ್ಕಂದಿನಲ್ಲಿ ನೋಡಿದ ಅಮಿತಾಭ್ ಬಚ್ಚನ್ ಚಿತ್ರಗಳ ದಯೆಯಿಂದ ಒಂದಿಷ್ಟು ಹಿಂದಿ. ಪೇಟೆ ದಾಟಿದ್ದೇ ಲಾರಿಗಳ ಸಾಲು. 1998ರಲ್ಲಿ ಎರಿಟ್ರಿಯಾದೊಡನೆ ಯುದ್ಧವಾದಾಗಿನಿಂದ ಇಥಿಯೋಪಿಯಾಕ್ಕೆ ಸಮುದ್ರದ ದಾರಿಯೆಂದರೆ ಹೆಚ್ಚುಕಡಿಮೆ ಇದೊಂದೇ. ಕಬ್ಬಿಣ, ಗೊಬ್ಬರ, ಗೋಧಿ, ಕಾರು ಎಲ್ಲವೂ ಇಲ್ಲಿಂದ ಬೆಟ್ಟ ಹತ್ತಬೇಕು. ಬೆಟ್ಟದಿಂದ ಇಳಿಯುವುದು ಏನೇನು ಎಂದು ಕೇಳಿದೆ. ಚಾಲಕ ಸ್ಟಿಯರಿಂಗ್ ಬಿಟ್ಟು ಬೆರಳು ಮಡಚಿದ: ಕರೆಂಟು, ತರಕಾರಿ, ಕುಡಿಯುವ ನೀರು. ನಾಲ್ಕನೆಯ ಬೆರಳು ಮಡಚುವಾಗ ಮುಖ ಅರಳಿತು. "ಖಾತ್!"

ಈ ಖಾತ್ ಎಂಬುದು ಎಲೆ. ನಮ್ಮ ಕಡೆಯವರು ಕವಳ ಹಾಕುವಂತೆ ಇಲ್ಲಿನ ಗಂಡಸರು ಮಧ್ಯಾಹ್ನದ ಮೇಲೆ ಅದರ ಚಿಗುರನ್ನು ದವಡೆಗೆ ಒತ್ತಿಕೊಂಡು ಕೂರುತ್ತಾರೆ. ಎಲೆ ಬಾಡಿದರೆ ಕೆಲಸಕ್ಕೆ ಬಾರದು, ಹಾಗಾಗಿ ಇಥಿಯೋಪಿಯಾದಿಂದ ಪ್ರತಿ ದಿನ ಹೊಸದಾಗಿ ಬರಬೇಕು. ಮಧ್ಯಾಹ್ನ ಒಂದರ ಹೊತ್ತಿಗೆ ಅದು ತಲುಪಿತೆಂದರೆ ಊರಿನ ಬೇರೆ ಕೆಲಸಗಳೆಲ್ಲ ನಿಂತ ಹಾಗೆ. ಚಾಲಕ ಹೊರಡುವಾಗಲೇ ಷರತ್ತು ಹಾಕಿದ್ದ: ಏನೇ ನೋಡುವುದಿದ್ದರೂ ಹನ್ನೊಂದೂವರೆಯೊಳಗೆ ಮುಗಿಸಬೇಕು.

ತಾಜೂರಾ ಕಡೆಯ ರಸ್ತೆಗೆ ತಿರುಗಿದ ಮೇಲೆ ಹಸಿರು ಎಂಬುದು ಮುಗಿಯಿತು. ಕಪ್ಪು ಕಲ್ಲು, ಕಪ್ಪು ಕಲ್ಲು. ಗೂಬೆತ್ ಎಂಬ ಕೊಲ್ಲಿ ಕೆಳಗೆ ಕಡುನೀಲಿಯಾಗಿ ಕಾಣಿಸಿತು. ಇಲ್ಲಿಯೇ ಭೂಮಿ ಸೀಳುತ್ತಿರುವುದು. ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಆಫ್ರಿಕಾ ಮತ್ತು ಅರೇಬಿಯಾ ದೂರ ಸರಿಯುತ್ತಿವೆ. 1978ರ ನವೆಂಬರಿನಲ್ಲಿ ಅರ್ದೂಕೋಬಾ ಎಂಬಲ್ಲಿ ನೆಲ ಬಾಯಿಬಿಟ್ಟು ಒಂದು ವಾರ ಬೆಂಕಿ ಕಾರಿತ್ತಂತೆ. ಆ ಲಾವಾ ಇನ್ನೂ ನಿನ್ನೆ ಮೊನ್ನೆ ಆರಿದಂತೆ, ಗುಳ್ಳೆ ಗುಳ್ಳೆಯಾಗಿ, ಎಣ್ಣೆಯಲ್ಲಿ ಸೀದ ಹಪ್ಪಳದಂತೆ ಬಿದ್ದಿದೆ.

ಆಮೇಲೆ ಒಂದು ತಿರುವು, ಇಳಿಜಾರು, ಕಪ್ಪಿನ ನಡುವೆ ಬಿಳಿ.

ಬಿಳಿ ಎಂದರೆ ಅಲ್ಲಿ ಮುಗಿಯುವುದಿಲ್ಲ. ನೀರಿನ ಅಂಚಿನಲ್ಲಿ ಹಸಿರು ಬಣ್ಣ, ಒಳಗೆ ಹೋದಂತೆ ನೀಲಿ, ಸುತ್ತ ಹೊಳೆಯುವ ಉಪ್ಪಿನ ಬಯಲು. ನನ್ನನ್ನು ನಿಲ್ಲಿಸಿದ್ದು ಬಣ್ಣವಲ್ಲ, ಅದರ ಹಿಂದಿನ ವ್ಯವಸ್ಥೆ. ಗೂಬೆತ್ ಕೊಲ್ಲಿ ಇಲ್ಲಿಂದ ಹತ್ತು ಕಿಲೋಮೀಟರು ದೂರ. ನಡುವಿನ ಬಿರುಕುಗಲ್ಲಿನ ಅಡಿಯಿಂದ ಸಮುದ್ರದ ನೀರು ಜಿನುಗಿ, ತಗ್ಗಿಗೆ ಇಳಿದು, ಅಂಚಿನಲ್ಲಿ ಬಿಸಿ ಒರತೆಗಳಾಗಿ ಹೊರಬರುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು ಅದನ್ನು ಹೀರಿಕೊಂಡು ಉಪ್ಪನ್ನು ಉಳಿಸುತ್ತದೆ. ನಮ್ಮ ಅಘನಾಶಿನಿಯ ದಡದಲ್ಲಿ ಇದೇ ಕೆಲಸಕ್ಕೆ ಎಷ್ಟು ಜನ ಬೇಕು! ಭರತದ ನೀರಿಗೆ ಬಾಗಿಲು ತೆಗೆಯಬೇಕು, ಕಟ್ಟೆ ಕಾಯಬೇಕು, ಪಾತಿಯ ಜೇಡಿಮಣ್ಣನ್ನು ಕಾಲಿನಿಂದ ತುಳಿದು ತುಳಿದು ಕಲ್ಲಿನಂತೆ ಗಟ್ಟಿ ಮಾಡಬೇಕು, ಹಲಗೆಯಿಂದ ಎಳೆದು ರಾಶಿ ಮಾಡಬೇಕು, ಅಷ್ಟರಲ್ಲಿ ಅಕಾಲದ ಮಳೆ ಬಂದರೆ ತಲೆಯ ಮೇಲೆ ಕೈ ಹೊತ್ತು ಕೂರಬೇಕು. ಇಲ್ಲಿ ಬಾಗಿಲು, ಕಟ್ಟೆ, ಪಾತಿ, ಬಿಸಿಲು ಎಲ್ಲವನ್ನೂ ಭೂಮಿಯೇ ನೋಡಿಕೊಂಡಿದೆ. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದುಕೊಳ್ಳುತ್ತಲೇ ಬೂಟು ಬಿಚ್ಚಿದ್ದು.

ಮುದುಕರು ನನ್ನ ಕಾಲನ್ನು ನೋಡಿ, ತಮ್ಮ ಡಬ್ಬಿಯಿಂದ ಸಿಹಿನೀರು ಸುರಿದರು. ಆ ಊರಲ್ಲಿ ಸಿಹಿನೀರು ಎಂದರೆ ಏನೆಂದು ಆಗ ನನಗೆ ಹೊಳೆಯಲಿಲ್ಲ. ಹೋಗುವವರು ತೊಳೆದುಕೊಳ್ಳಲೆಂದೇ ಎರಡು ಬಾಟಲಿ ನೀರು ಹೆಚ್ಚಿಗೆ ಇಟ್ಟುಕೊಳ್ಳಿ, ಇನ್ನೊಬ್ಬರ ಕುಡಿಯುವ ನೀರಿನಲ್ಲಿ ಕಾಲು ತೊಳೆದ ಪಾಪ ನನಗೊಬ್ಬನಿಗೇ ಇರಲಿ. ಅವರ ಮುಂದೆ ಉಪ್ಪಿನ ಗುಂಡುಗಳಿದ್ದವು, ಅಲೆಗಳೇ ಉರುಳಿಸಿ ಉರುಳಿಸಿ ದುಂಡಗೆ ಮಾಡಿದ್ದು, ಸಾಬುದಾಣಿಯಷ್ಟರಿಂದ ನಿಂಬೆಹಣ್ಣಿನಷ್ಟರವರೆಗೆ. ಪಕ್ಕದಲ್ಲಿ ಉಪ್ಪು ಮೆತ್ತಿದ ಆಡಿನ ತಲೆಬುರುಡೆಗಳು. ಪ್ರವಾಸಿಗಳು ಬುರುಡೆಯನ್ನೇ ಹೆಚ್ಚು ಒಯ್ಯುತ್ತಾರಂತೆ. ಯಾವ ರುಚಿಯೋ.

ನಮ್ಮ ಮಾತು ಅಫಾರ್‌ನಿಂದ ಸೋಮಾಲಿಗೆ, ಸೋಮಾಲಿಯಿಂದ ಇಂಗ್ಲಿಷಿಗೆ ಹಾದು ಬರಬೇಕಿತ್ತು.

"ನಿಮ್ಮ ದೇಶದಲ್ಲಿ ಉಪ್ಪು ಇದೆಯೇ?" ಎಂದು ಅವರೇ ಮೊದಲು ಕೇಳಿದರು.

ಇದೆ, ನಮ್ಮ ಅಪ್ಪ ಉಪ್ಪು ಮಾಡುತ್ತಿದ್ದ ಎಂದೆ.

ಅವರು ಚಾಲಕನನ್ನು ಎರಡು ಸಲ ಕೇಳಿದರು. 'ಮಾಡುವುದು' ಎಂಬ ಶಬ್ದವೇ ಸಿಕ್ಕಿಕೊಂಡಿತ್ತು. ನಾನು ಉಪ್ಪಿನ ಮೇಲೆ ಬೆರಳಿನಿಂದ ಪಾತಿ ಬರೆದೆ, ಬಾಗಿಲು ಬರೆದೆ, ಎದ್ದು ನಿಂತು ಗಾಯದ ಕಾಲಿನಲ್ಲೇ ಮಣ್ಣು ತುಳಿಯುವುದನ್ನು ತೋರಿಸಿದೆ. ಅಜ್ಜ ನಕ್ಕದ್ದಕ್ಕೆ ಕೆಮ್ಮು ಬಂತು. "ಮನುಷ್ಯ ಮಾಡಿದ್ದು ಉಪ್ಪು ಹೇಗಾಗುತ್ತದೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಗಂಭೀರವಾಗಿ, "ಅದನ್ನು ಹೊರುವವರು ಯಾರು?" ಎಂದು ಕೇಳಿದರು.

ಹಿಂದೆ ಎತ್ತಿನ ಗಾಡಿ, ಈಗ ಲಾರಿ ಎಂದೆ.

"ಹೊರುವುದೇ ಕೆಲಸ," ಎಂದರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಒಂಟೆ ಸಾಲಿನಲ್ಲಿ ಇಥಿಯೋಪಿಯಾದ ಕಡೆಗೆ ನಡೆದದ್ದನ್ನು ಹೇಳಿದರು. ಹಗಲು ಬಿಸಿಲಿಗೆ ಒಂಟೆಗಳ ಹೊರೆ ಇಳಿಸಿ ಮಲಗುವುದು, ಸಂಜೆಯಿಂದ ನಡೆಯುವುದು. ಮಕ್ಕಳಿಗೆ ನಿದ್ದೆ ಬಂದರೆ ಒಂಟೆಯ ಬಾಲ ಹಿಡಿದುಕೊಂಡೇ ನಡೆಯಬೇಕು. ಇಲ್ಲಿ ಉಪ್ಪಿಗೆ ಕಾಸಿಲ್ಲ, ಮೇಲೆ ಹೋದಷ್ಟೂ ಬೆಲೆ. ಬರುವಾಗ ಏನು ತರುತ್ತಿದ್ದಿರಿ ಎಂದೆ. ಚಾಲಕನಿಗೆ ಆ ಧಾನ್ಯದ ಇಂಗ್ಲಿಷ್ ಹೆಸರು ಹೊಳೆಯಲಿಲ್ಲ. ಅಜ್ಜ ಎದ್ದು ಹೋಗಿ ಚೀಲದ ತಳದಿಂದ ನಾಲ್ಕು ಕಾಳು ತಂದು ನನ್ನ ಅಂಗೈಗೆ ಹಾಕಿದರು. ಜೋಳ! ಧಾರವಾಡದ ಸಂತೆಯಲ್ಲಿ ಇಟ್ಟರೆ ಯಾರೂ ಬೇರೆ ಎನ್ನಲಾರರು. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಎತ್ತಣಿಂದೆತ್ತ ಸಂಬಂಧ ಎನ್ನುತ್ತೇವಲ್ಲ, ಆ ಸಂಬಂಧವನ್ನು ಕಾಲಿನಿಂದ ನಡೆದು ಕಟ್ಟಿದವರು ನನ್ನೆದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಹಿಮ್ಮಡಿಯ ಕಡೆ ನೋಡಿದೆ. ನೋಡಬಾರದಿತ್ತು.

ಈಗ ಒಂಟೆಗಳು? ಅವರು ಗೂಬೆತ್ ಕಡೆಗೆ ಗದ್ದ ಎತ್ತಿದರು. 2017ರಲ್ಲಿ ಉಪ್ಪು ಹಡಗಿಗೆ ತುಂಬಲೆಂದೇ ಅಲ್ಲೊಂದು ಬಂದರು ಕಟ್ಟಿದ್ದಾರೆ. ದೂರದಲ್ಲಿ ಯಂತ್ರವೊಂದು ಬಿಳಿ ರಾಶಿಯ ಮೇಲೆ ಜೀರುಂಡೆಯಂತೆ ಹರಿದಾಡುತ್ತಿತ್ತು. ಅಜ್ಜ ಮತ್ತೇನೋ ಹೇಳಲು ಶುರು ಮಾಡಿದರು, ಸ್ವಲ್ಪ ಉದ್ದವೇ ಹೇಳಿದರು. ಆದರೆ ಚಾಲಕ ಗಡಿಯಾರ ನೋಡಿಕೊಂಡು ಎದ್ದಾಗಿತ್ತು. ಹನ್ನೊಂದು ಮುಕ್ಕಾಲು. ಏನೆಂದರು ಎಂದು ಕೇಳಿದೆ. "ದಾರಿಯಲ್ಲಿ ಹೇಳುತ್ತೇನೆ" ಎಂದ. ದಾರಿಯಲ್ಲಿ ಕೇಳಿದರೆ "ಒಂಟೆಯ ವಿಷಯ" ಎಂದಷ್ಟೇ ಹೇಳಿ ಗಾಡಿಯನ್ನು ಇನ್ನಷ್ಟು ಓಡಿಸಿದ. ಹೆದ್ದಾರಿಯ ಪಕ್ಕದ ತಗಡಿನ ಅಂಗಡಿಯೊಂದರಲ್ಲಿ ಒದ್ದೆ ಗೋಣಿ ಹೊದಿಸಿದ ಕಟ್ಟು ಸಿಕ್ಕಿದ ಮೇಲೆ ಅವನ ಮುಖ ಶಾಂತವಾಯಿತು, ಒಂದು ಟೊಂಗೆಯನ್ನು ಉದಾರವಾಗಿ ನನಗೂ ಚಾಚಿದ. ಆ ಅರ್ಧ ಗಂಟೆಯ ಮಾತನ್ನು ಎಲೆಗೆ ಮಾರಿದವನೊಡನೆ ನಾನು ಪೇಟೆಯವರೆಗೆ ಮಾತಾಡಲಿಲ್ಲ. ಅವನಿಗದು ತಿಳಿದಂತೆಯೂ ಕಾಣಲಿಲ್ಲ.

ಉಳಿದ ಎರಡು ದಿನ ಕಾಲು ಊದಿಕೊಂಡು ಕೋಣೆಯಲ್ಲೇ ಕಳೆದೆ.

ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಉಪ್ಪಿನ ಗುಂಡುಗಳನ್ನು ಅಡಿಸ್‌ನಲ್ಲಿ ತಂಗಿ ಕುಟ್ಟಿ ಸಾರಿಗೆ ಹಾಕಿದಳು. ಒಂದು ತುತ್ತಿಗೇ ಇಬ್ಬರೂ ಮುಖ ನೋಡಿಕೊಂಡೆವು. ಉಪ್ಪಿನ ಹಿಂದೆ ತೆಳ್ಳಗೆ ಕಹಿ. ಮನೆಯಲ್ಲಿ ಹೊಸ ಉಪ್ಪು ಬಂದಾಗ ಅಪ್ಪ ಅದನ್ನು ಮರಿಗೆಗೆ ಹಾಕಿ, ಮಳೆಗಾಲವಿಡೀ ಕಹಿ ನೀರು ಇಳಿಯಲು ಬಿಡುತ್ತಿದ್ದದ್ದು ಅವಳಿಗೂ ನೆನಪಿತ್ತು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮೊಳೆಗೆ ತೂಗುಹಾಕಿ, ಕೆಳಗೆ ಬಟ್ಟಲಿಟ್ಟಳು. ಆ ಊರಿನ ಒಣಹವೆಗೆ ನಾನು ಹೊರಡುವವರೆಗೂ ಒಂದು ಹನಿ ಬೀಳಲಿಲ್ಲ.

ಜುಲೈಯಲ್ಲಿ, ಅಲ್ಲಿ ಮಳೆ ಹಿಡಿದ ಮೇಲೆ, ಒಂದು ರಾತ್ರಿ ಫೋನ್ ಮಾಡಿದಳು. "ಅಣ್ಣಾ, ಇಳಿಯುತ್ತಿದೆ. ಸದ್ದು ಕೇಳು" ಎಂದು ಫೋನನ್ನು ಬಟ್ಟಲಿನ ಹತ್ತಿರ ಹಿಡಿದಳು.