ತ್ರಯೋದಶಿ ನೋಡಿಕೊಂಡು ನಾರ್ಮಂಡಿಗೆ ಹೊರಡಿ

ಜನವರಿ, ಫೆಬ್ರವರಿಯಲ್ಲಿ ಪ್ಯಾರಿಸ್‌ಗೆ ಬರುವ ಗೆಳೆಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಎರಡನೇ ಮಹಾಯುದ್ಧದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸನ್ನು ಬಿಡಿಸಲು 1944ರ ಜೂನ್ 6ರಂದು ಅಮೆರಿಕ, ಬ್ರಿಟನ್ ಮೊದಲಾದ ಮಿತ್ರಪಡೆಗಳು ಬಂದಿಳಿದ ನಾರ್ಮಂಡಿಯ ಕಡಲತೀರಗಳನ್ನು ಈ ಚಳಿಯಲ್ಲಿ ನೋಡಲು ಹೋಗಬಹುದೇ, ಅಲ್ಲಿ ಎಲ್ಲವೂ ಮುಚ್ಚಿರುವುದಿಲ್ಲವೇ? ಬಹಳಷ್ಟು ಮುಚ್ಚಿರುತ್ತದೆ, ಆದರೂ ಹೋಗಿ ಎಂಬುದೇ ನನ್ನ ಉತ್ತರ. ಅದಕ್ಕೊಂದು ಷರತ್ತಿದೆ. ವಸ್ತುಸಂಗ್ರಹಾಲಯಗಳ ವೇಳಾಪಟ್ಟಿಯನ್ನಲ್ಲ, ಸಮುದ್ರದ ವೇಳಾಪಟ್ಟಿಯನ್ನು ನೋಡಿಕೊಂಡು ಹೊರಡಬೇಕು.

ಕಷ್ಟಗಳನ್ನು ಮೊದಲೇ ಹೇಳಿಬಿಡುತ್ತೇನೆ. ಜನವರಿಯಲ್ಲಿ ಹಲವು ಸಂಗ್ರಹಾಲಯಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ. ಒಮ್ಮೆ ಊರಿನಿಂದ ಬಂದ ನೆಂಟರನ್ನು ಕರೆದೊಯ್ದು, ಬೀಗ ಹಾಕಿದ ಗಾಜಿನ ಬಾಗಿಲಿಗೆ ಮೂಗು ತಾಗಿಸಿ ಒಳಗಿನ ಟ್ಯಾಂಕನ್ನು ನೋಡಿ ಮರಳಿದವನು ನಾನು. ಪ್ಯಾರಿಸ್‌ನ ಸೇಂಟ್ ಲಜಾರ್ ನಿಲ್ದಾಣದಿಂದ ಈ ತೀರಗಳಿಗೆ ಹತ್ತಿರದ ಬಾಯೂ ಊರಿಗೆ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದರೂ, ಅಲ್ಲಿಂದ ಮುಂದೆ ಬಸ್ಸುಗಳು ವಿರಳ, ಕಾರನ್ನು ಬಾಡಿಗೆಗೆ ಪಡೆಯುವುದೇ ಮೇಲು. ಬೆಳಕು ಹರಿಯುವುದು ಒಂಬತ್ತಕ್ಕೆ, ಕತ್ತಲಾಗುವುದು ಐದು ದಾಟುತ್ತಿದ್ದಂತೆ. ಆದರೆ ಅಮೆರಿಕನ್ ಪಡೆಗಳು ಇಳಿದ ಒಮಾಹಾ ತೀರದ ಮರಳಿಗೆ ಬೀಗವಿಲ್ಲ, ಲಾಂಗ್-ಸುರ್-ಮೇರ್‌ನಲ್ಲಿ ಇಂದಿಗೂ ಕಾಂಕ್ರೀಟ್ ಗೂಡುಗಳೊಳಗೆ ಕುಳಿತಿರುವ ಜರ್ಮನ್ ತೋಪುಗಳಿಗೂ ಇಲ್ಲ. ಕೋಲ್‌ವಿಲ್‌ನ ಅಮೆರಿಕನ್ ಸಮಾಧಿಭೂಮಿ ಡಿಸೆಂಬರ್ 25 ಮತ್ತು ಜನವರಿ 1ನ್ನು ಬಿಟ್ಟು ವರ್ಷವಿಡೀ ತೆರೆದಿರುತ್ತದೆ.

ಇನ್ನು ಸಮುದ್ರದ ಮಾತು. ನಮ್ಮ ಮಲ್ಪೆ, ಕಾರವಾರಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ, ಎರಡು ಮೀಟರಿನ ಆಸುಪಾಸು ವ್ಯತ್ಯಾಸವಿದ್ದರೆ, ನಾರ್ಮಂಡಿಯ ಈ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಅದು ಆರು ಮೀಟರನ್ನೂ ಮೀರುತ್ತದೆ. ತೀರ ಇಳಿಜಾರಾಗಿರದ ಕಾರಣ ನೀರು ನೂರಾರು ಮೀಟರು ಹಿಂದೆ ಸರಿಯುತ್ತದೆ. ಜರ್ಮನರು ಉಬ್ಬರದ ನೀರಿನಲ್ಲಿ ಮುಳುಗಿ ಕಾಣದಂತೆ ಮರದ ಕಂಬ, ಉಕ್ಕಿನ ತೊಲೆ, ಸಿಡಿಮದ್ದುಗಳನ್ನು ನೆಟ್ಟಿದ್ದರು. ಅವು ಕಣ್ಣಿಗೆ ಬೀಳಲಿ, ಸೈನಿಕರನ್ನು ಇಳಿಸಿದ ದೋಣಿಗಳು ಏರುವ ನೀರಿನಲ್ಲಿ ತೇಲಿ ಹಿಂದಿರುಗಲಿ ಎಂದು ಇಳಿತ ಮುಗಿದು ನೀರು ಏರತೊಡಗಿದ ಹೊತ್ತನ್ನೇ ಮಿತ್ರಪಡೆಗಳು ಆರಿಸಿಕೊಂಡವು. ಅದು ಬೆಳಗಿನ ಹೊತ್ತೂ ಆಗಿರಬೇಕು, ಹಿಂದಿನ ರಾತ್ರಿ ಪ್ಯಾರಾಶೂಟಿನಲ್ಲಿ ಇಳಿಯುವವರಿಗೆ ಬೆಳದಿಂಗಳೂ ಇರಬೇಕು. ಜೂನ್ 6 ಹುಣ್ಣಿಮೆಯಾಗಿತ್ತು.

ಆ ಲೆಕ್ಕವೇ ಇಂದಿಗೂ ನಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ನೀರು ಪೂರ್ತಿ ಇಳಿಯುವುದು ನಸುಕಿಗೆ ಮತ್ತು ಮುಸ್ಸಂಜೆಗೆ. ಚಳಿಗಾಲದಲ್ಲಿ ಆ ಎರಡೂ ಹೊತ್ತು ಕತ್ತಲು. ದಿನಕ್ಕೆ ಐವತ್ತು ನಿಮಿಷದಂತೆ ಹಿಂದಕ್ಕೆ ಎಣಿಸಿದರೆ, ಎರಡು ದಿನ ಮೊದಲು ಇಳಿತವು ಮಧ್ಯಾಹ್ನ ಮೂರು, ಮೂರೂವರೆಗೆ ಬೀಳುತ್ತದೆ. ಆದ್ದರಿಂದಲೇ ನಾನು ಕೇಳಿದವರಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ತ್ರಯೋದಶಿ ನೋಡಿ ಎನ್ನುವುದು. ನಗುತ್ತಾರೆ, ಆಮೇಲೆ ನೋಡುತ್ತಾರೆ. (ಹೊರಡುವ ಮುನ್ನ ಸ್ಥಳೀಯ ಉಬ್ಬರ-ಇಳಿತದ ಪಟ್ಟಿಯೊಂದಿಗೆ ತಾಳೆ ನೋಡುವುದನ್ನು ಮಾತ್ರ ಮರೆಯಬೇಡಿ.)

ಅಂಥದೊಂದು ಮಧ್ಯಾಹ್ನ ಒಮಾಹಾದಲ್ಲಿ ನೀರಿನ ಅಂಚಿನವರೆಗೆ ನಡೆದು ಹೋಗಿ, ಬೆನ್ನು ಸಮುದ್ರಕ್ಕೆ ಮಾಡಿ ನಿಲ್ಲಿ. ಎದುರಿನ ದಿಬ್ಬದ ಹುಲ್ಲಿನಲ್ಲಿ ಜರ್ಮನರ ಕಾಂಕ್ರೀಟ್ ಗೂಡುಗಳ ಕಪ್ಪು ಕಂಡಿಗಳು ಬೆರಳಗಲದಷ್ಟೇ ಕಾಣುತ್ತವೆ. ನೀರಿನ ಅಂಚಿನಿಂದ ದಡದವರೆಗೆ ನಾನು ಎಣಿಸಿದ್ದು ನಾನೂರರ ಹತ್ತಿರ ಹೆಜ್ಜೆ; ಒದ್ದೆ ಮರಳು ಬೂಟನ್ನು ಹಿಡಿದೆಳೆಯುತ್ತಿತ್ತು, ಅಲ್ಲಲ್ಲಿ ಮೊಣಕಾಲೆತ್ತರದ ನೀರಿನ ಕಾಲುವೆಗಳು ಅಡ್ಡ ಬಂದವು, ಮರೆಯಾಗಿ ಕೂರಲು ಒಂದು ಕಲ್ಲೂ ಸಿಗಲಿಲ್ಲ. ಬೇಸಗೆಯಲ್ಲಿ ಇದೇ ಹಾದಿಯ ತುಂಬ ಕೊಡೆಗಳೂ ಮಕ್ಕಳೂ ಇರುವುದರಿಂದ ಈ ದೂರವು ಕಣ್ಣಿಗೆ ಸಿಗುವುದೇ ಇಲ್ಲ. 1988ರಲ್ಲಿ ಇಬ್ಬರು ಅಮೆರಿಕನ್ ಭೂವಿಜ್ಞಾನಿಗಳು ಇಲ್ಲಿಂದ ಒಯ್ದ ಮರಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಅದರಲ್ಲಿ ಶೇಕಡಾ 4ರವರೆಗೆ ಸಿಡಿಗುಂಡಿನ ಲೋಹದ ಕಣಗಳು ಕಂಡವು.

ಚಳಿಯಲ್ಲಿ ನಡುಗಿದರೆ ಆ ಸೈನಿಕರ ಪಾಡು ಅರಿವಾಗುತ್ತದೆ ಎಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅವರು ಬಂದದ್ದು ಜೂನ್‌ನಲ್ಲಿ, ಅದೂ ಬಿರುಗಾಳಿಯ ಕಾರಣ ಒಂದು ದಿನ ತಡವಾಗಿ. ಚಳಿಗಾಲ ಕೊಡುವುದು ಖಾಲಿ ನೆಲವನ್ನು ಮಾತ್ರ. ಜೊತೆಗೆ, ಗಾಳಿಯ ಬಲವನ್ನು ಇದೇ ಕರಾವಳಿಯ ಅರೊಮಾಂಶ್ ಊರಿನಲ್ಲಿ ನಿಂತು ನೋಡಬೇಕು. ಬ್ರಿಟಿಷರು ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಂಗ್ಲಿಷ್ ಕಾಲುವೆಯಾಚೆಯಿಂದ ಎಳೆದು ತಂದು ಇಲ್ಲಿ ಕೃತಕ ಬಂದರನ್ನು ಕಟ್ಟಿದರು. ದೊಡ್ಡ ಪೆಟ್ಟಿಗೆಗಳು 60 ಮೀಟರ್ ಉದ್ದ, ಸುಮಾರು 6,000 ಟನ್ ತೂಕ. ಜೂನ್ 19ರಂದು ಎದ್ದ ಬಿರುಗಾಳಿ ಒಮಾಹಾದ ಅಮೆರಿಕನ್ ಬಂದರನ್ನು ಪುಡಿಗಟ್ಟಿತು, ಇದು ಉಳಿಯಿತು. ಅಳಿದುಳಿದ ಪೆಟ್ಟಿಗೆಗಳ ಬದಿಗೆ ಜನವರಿಯ ಅಲೆ ಅಪ್ಪಳಿಸಿ ಮೇಲೇಳುವಾಗ, ಬಂದರನ್ನೇ ಹೊತ್ತು ತರುವ ಹುಚ್ಚು ಸಾಹಸಕ್ಕೆ ಏಕೆ ಕೈ ಹಾಕಿದರೆಂಬುದು ಯಾರೂ ವಿವರಿಸದೆ ತಿಳಿಯುತ್ತದೆ.

ಬಿರುಗಾಳಿ ಮರಳನ್ನು ಕೆದಕಿದಾಗ ತುಕ್ಕು ಹಿಡಿದ ಕಬ್ಬಿಣ ಮೇಲೆ ಬರುವುದುಂಟು. ಏನು ಕಂಡರೂ ಮುಟ್ಟಬೇಡಿ.

ಊಟಕ್ಕೆ ಪೋರ್ಟ್-ಆನ್-ಬೆಸ್ಸಾಂಗೆ ಹೋಗಿ. ಅಲ್ಲಿನ ದೋಣಿಗಳು ತರುವ ದೊಡ್ಡ ಕಪ್ಪೆಚಿಪ್ಪಿನ ಹಂಗಾಮು ಅಕ್ಟೋಬರ್‌ನಿಂದ ಮೇ ನಡುವಿನವರೆಗೆ ಮಾತ್ರ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಜನವರಿಯಲ್ಲಿ ಹಳ್ಳಿಯ ಹೋಟೆಲುಗಳೂ ಬಾಗಿಲು ಹಾಕಿರುತ್ತವೆ.