ಮಾವ ಅಳಿವೆ ನೋಡಿದ ದಿನ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲೇ ನಡೆದು ಹೋಗೋಣ ಎಂದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಬಸ್ ಇದ್ದಲ, ನಡೆಯದು ಎಂತಕ್ಕಾ?"

ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ವಯಸ್ಸು 64. ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟ. ತೋಟದ ಕೆಳಗಿನ ಹಳ್ಳ ಹೋಗಿ ಅಘನಾಶಿನಿ ಸೇರುತ್ತದೆ. ಆ ನದಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುವುದನ್ನು ಅವರು ಎಷ್ಟೋ ಸಲ ನೋಡಿದ್ದಾರೆ. ಕಡಲು ಸೇರುವ ಜಾಗ, ಅಂದರೆ ಅಳಿವೆ ಮಾತ್ರ ನೋಡಿರಲಿಲ್ಲ. ದಾರಿಯಲ್ಲಿ ಅದೂ ಸಿಗುತ್ತದೆ ಎಂದ ಮೇಲೇ ಒಪ್ಪಿದ್ದು.

ಫೆಬ್ರವರಿ ತಿಂಗಳು, ಕೊನೆ (ಅಡಿಕೆ ಗೊನೆ) ಕೊಯ್ಲು ಮುಗಿದಿತ್ತು. ಬೆಳಿಗ್ಗೆ ಆರೂವರೆಗೆ ವನ್ನಳ್ಳಿ ತೀರದಲ್ಲಿದ್ದೆವು. ಒದ್ದೆ ಮರಳ ಮೇಲೆ ನಡಿಗೆ ಸುಲಭ. ಮಾವ ಹವಾಯಿ ಚಪ್ಪಲಿ ಕೈಯಲ್ಲಿ ಹಿಡಿದು ನನಗಿಂತ ಮುಂದೆ ಹೋಗುತ್ತಿದ್ದರು. ನಾನು ಹೊಸ ಶೂ ಹಾಕಿ ಮೊದಲ ಗಂಟೆಯಲ್ಲೇ ಹಿಮ್ಮಡಿ ಸುಲಿಸಿಕೊಂಡೆ.

ಆಮೇಲೆ ಎಡವಟ್ಟಾಯಿತು. ಕಡ್ಲೆ ತೀರಕ್ಕೆ ಹೋಗುವಾಗ ನಡುವೆ ಬಂಡೆಯ ಮೂಲೆಯೊಂದು ಸಿಕ್ಕಿತು. ಫೋನಿನ ಮ್ಯಾಪಿನಲ್ಲಿ ಅದು ಒಂದು ಸಣ್ಣ ತಿರುವು, ಅಷ್ಟೇ. ಗುಡ್ಡ ಹತ್ತುವುದು ಬೇಡ, ಸುತ್ತಿಕೊಂಡು ಹೋಗೋಣ ಎಂದವನು ನಾನೇ. ಹಿಂದಿನ ದಿನ ಹುಣ್ಣಿಮೆ. ಭರತ, ಅಂದರೆ ಕಡಲಿನ ಉಬ್ಬರ, ಏರುತ್ತಿತ್ತು. ಅರ್ಧ ದಾರಿಯಲ್ಲಿ ನೀರು ಸೊಂಟಕ್ಕೆ ಬಂತು. ಒಂದು ಅಲೆ ಮಾವನನ್ನು ಬಂಡೆಗೆ ಒರಗಿಸಿತು, ಇನ್ನೊಂದು ಅತ್ತೆ ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿಯನ್ನು ಒಯ್ದಿತು. ಹೋಗುವವರು ದಯವಿಟ್ಟು ಕೇಳಿ: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಭರತ ಜಾಸ್ತಿ ಏರುತ್ತದೆ. ಅದರ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬೆಳಿಗ್ಗೆ ಬೇಗ ಎದ್ದರೆ ಸಾಕು ಅಂತ ನಂಬಬೇಡಿ. ದಡದಲ್ಲಿ ಬಲೆ ಬಿಡಿಸುತ್ತಿದ್ದವರನ್ನು ಒಂದು ಮಾತು ಕೇಳಿದ್ದರೆ ಅವಲಕ್ಕಿ ಉಳಿಯುತ್ತಿತ್ತು. ಅತ್ತೆಗೆ ಡಬ್ಬಿಯ ವಿಷಯ ಇನ್ನೂ ಹೇಳಿಲ್ಲ.

ಕಡ್ಲೆ, ಬಾಡ ಎಲ್ಲ ಬಿಸಿಲಲ್ಲಿ ಕಳೆದುಹೋದವು. ಗಾಳಿಮರದ ನೆರಳು, ಎರಡು ಎಳನೀರು, ಅಷ್ಟೇ ನೆನಪು.

ಮಧ್ಯಾಹ್ನ ಅಘನಾಶಿನಿ ಊರಿನ ದಕ್ಕೆಗೆ, ದೋಣಿ ನಿಲ್ಲುವ ಕಟ್ಟೆಗೆ, ಬಂದೆವು. ಆಚೆ ದಡದಲ್ಲಿ ತದಡಿಯ ದೋಣಿಗಳು. ಮಾವ ಮೆಟ್ಟಿಲಿಳಿದು ನೀರು ಮುಟ್ಟಿದರು, ನಾಲಿಗೆಗೆ ಹಚ್ಚಿಕೊಂಡರು. "ಉಪ್ಪು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಾಣಿ, ಇದ್ರಲ್ಲಿ ನಮ್ಮನೆ ಹಳ್ಳದ ನೀರೂ ಇದ್ದು, ಅಲ್ದನಾ?"

ಇರಲೇಬೇಕು. ಈ ನದಿಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಮೇಲೆ ಬಿಟ್ಟಿದ್ದು ಕೆಳಗೆ ಬರುತ್ತದೆ.

ದಾಟಿಸುವ ದೋಣಿ ಜನ ತುಂಬುವ ತನಕ ಹೊರಡಲಿಲ್ಲ. ಎರಡು ಬೈಕುಗಳನ್ನು ಹತ್ತಿಸಿದರು. ನಮ್ಮ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿ ತುಂಬ ಚಿಪ್ಪಿಕಲ್ಲು, ತಿನ್ನುವ ಚಿಪ್ಪುಜೀವಿ. ಬೆಳಗಿನ ಇಳಿತದಲ್ಲಿ ಎದೆಮಟ್ಟ ನೀರಿಗಿಳಿದು ಬಾಚಿದ್ದಂತೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತಲ್ಲ, ನಿಮಗೇನಾದರೂ ಅನುಕೂಲ ಆಯ್ತಾ ಎಂದು ಪೇಟೆಯವನ ಹಾಗೆ ಕೇಳಿದೆ. ಅವರು ನನ್ನನ್ನು ನೋಡಿ ನಕ್ಕು ಮಾವನ ಕಡೆ ತಿರುಗಿದರು.

"ಶಿರಸಿ ಬದಿಯವರಾ?"

"ಹೌದು. ಮಾತಲ್ಲಿ ಗೊತ್ತಾತ?"

"ಮತ್ತೆ! ನಿಮ್ಮಲ್ಲಿ ಮಳೆ ಜಾಸ್ತಿ ಬಿದ್ರೆ ನಮ್ಮಲ್ಲಿ ಚಿಪ್ಪಿ ಸಾಯ್ತದೆ. ಸಿಹಿನೀರು ಅದಕ್ಕೆ ಆಗೂದಿಲ್ಲ."

ಮಾವನಿಗೆ ಖುಷಿಯಾಯಿತು. ತಮ್ಮ ಮಳೆಯ ಬಗ್ಗೆ ಯಾರೋ ಇಷ್ಟು ತಿಳಿದಿದ್ದಾರಲ್ಲ! ತೋಟ, ಕೊಳೆರೋಗ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಕೂಲಿ, ಎಲ್ಲ ಹೇಳತೊಡಗಿದರು. ಆಕೆ ತಲೆಯಾಡಿಸುತ್ತ ಕೇಳಿದರು. ಆಮೇಲೆ ಮೆಲ್ಲಗೆ, "ಮಳೆಗಾಲದಲ್ಲಿ ಅಡಿಕೆಗೆ ನೀಲಿ ಮದ್ದು ಹೊಡಿತೀರಲ್ಲ, ಅದು ಎಲ್ಲಿಗೆ ಹೋಗ್ತದೆ?"

ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ದ್ರಾವಣ ಅದು. ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕಿತ್ತು. ಮಾವ ಬಾಯಿ ತೆರೆದು ಹಾಗೇ ಮುಚ್ಚಿದರು. ಆಮೇಲೆ, "ಕೊನೆಗೆ ಅಂಟಿಕೊಳ್ತು... ಮಣ್ಣಿಗೂ ಬೀಳ್ತು" ಎಂದರು.

"ಮಣ್ಣಿಂದ?"

ದೋಣಿ ತದಡಿಗೆ ತಾಗಿತು. ಆಕೆ ಬುಟ್ಟಿ ತಲೆಗೇರಿಸಿ, "ಬರ್ತೆ ಭಟ್ರೆ" ಎಂದು ನಡೆದುಬಿಟ್ಟರು. ಮಾವ ಭಟ್ಟರಲ್ಲ, ಹೆಗಡೆ. ತಿದ್ದಲೂ ಇಲ್ಲ.

ಆಮೇಲೆ ಒಂದಾದ ಮೇಲೊಂದು ತೀರ: ಬೆಲೇಕಾನ್, ಪ್ಯಾರಡೈಸ್, ಹಾಫ್ ಮೂನ್. ಚಂದವೇ ಇವೆ, ಇಲ್ಲ ಅನ್ನಲಾರೆ. ಆದರೆ ಗುಡಿಸಲು ಹೋಟೆಲಿನಲ್ಲಿ ಒಂದು ತಟ್ಟೆ ನೂಡಲ್ಸ್‌ಗೆ ಕೇಳಿದ ದುಡ್ಡಿಗೆ ಬೆಳಿಗ್ಗೆ ಕುಮಟಾ ಬಸ್‌ಸ್ಟ್ಯಾಂಡ್ ಪಕ್ಕ ತಿಂದ ಬನ್ಸ್ ಎಂಟು ತಟ್ಟೆ ಬರುತ್ತಿತ್ತು, ರುಚಿಯೂ ಅದರದ್ದೇ ಜಾಸ್ತಿ. ಓಂ ತೀರವನ್ನು ಮೇಲಿಂದ ತೋರಿಸಿ, ನೋಡಿ ಮಾವ, ಓಂ ಆಕಾರ ಎಂದೆ. "ಹ್ಞೂಂ" ಎಂದರು. ಬೇರೆ ದಿನವಾಗಿದ್ದರೆ ಸಂಧ್ಯಾವಂದನೆಗೇ ಕೂರುತ್ತಿದ್ದರೇನೋ.

ಕುಡ್ಲೆಯಲ್ಲಿ ಸೂರ್ಯ ಮುಳುಗುವ ಹೊತ್ತು. ಜನರೆಲ್ಲ ಫೋನ್ ಎತ್ತಿ ಪಡುವಣಕ್ಕೆ ಹಿಡಿದಿದ್ದರು. ಎರಡು ಚಹಾ ತಂದೆ. ಮಾವ ಮರಳ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದರು.

"ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ. ನಮ್ಮ ಡ್ರಮ್ಮಿಗೆ ಎರಡು. ಮಳೆಗಾಲಕ್ಕೆ ಎರಡು ಸಲ. ಇದು ನಮ್ಮನೆದು. ಮೇಲಿನ ಮನೆದು ಬೇರೆ, ಆಚೆ ಕೇರಿದು ಬೇರೆ..."

ಚಹಾ ಆರುತ್ತದೆ ಎಂದೆ. ತಡಿ, ಇನ್ನೂ ಉಂಚಳ್ಳಿಗೇ ಬಂಜಿಲ್ಲೆ ಎಂದರು.